ಐದೂವರೆ ಮನೆ ಶ್ರುತಿಯೂ ಅಗ್ಗದ ಇಯರ್‌ಫೋನೂ

ಮನುಷ್ಯನ ಶರೀರದಲ್ಲಿ ಅತ್ಯಂತ ಸೋಮಾರಿ ಅಂಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಕಿವಿ ಎನ್ನುತ್ತೇನೆ. ಕಣ್ಣು ರೆಪ್ಪೆ ಬಡಿಯುತ್ತದೆ, ಮೂಗು ಉಸಿರಾಡುತ್ತದೆ, ನಾಲಗೆಯ ದುಡಿಮೆಯಂತೂ ಹೇಳತೀರದು. ಕಿವಿ ಮಾತ್ರ ಅತ್ತೊಂದು ಇತ್ತೊಂದು ಸುಮ್ಮನೆ ಕೂತು, ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು, ಓಲೆ ಹಾಕಿಸಿಕೊಂಡು, ಕನ್ನಡಕದ ಕಡ್ಡಿ ಹೊತ್ತುಕೊಂಡು ಕಾಲ ಕಳೆಯುತ್ತದೆ. ಐವತ್ತಾರು ವರ್ಷ ನನ್ನ ಕಿವಿಗಳ ಬಗ್ಗೆ ನಾನು ತಲೆ ಕೆಡಿಸಿಕೊಂಡವಳೇ ಅಲ್ಲ. ಈಗ ಕೆಡಿಸಿಕೊಳ್ಳುವಂತಾದದ್ದು ಸರ್ವಮಂಗಳಕ್ಕ ಆಡಿದ ಒಂದು ಮಾತಿನಿಂದ.

ಸರ್ವಮಂಗಳಕ್ಕ ನಮ್ಮ ಹೆಂಗಸರ ವಚನ ಗಾಯನದ ಗುಂಪಿನ ಹಾರ್ಮೋನಿಯಂ. ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿ ರಿಟೈರಾದವರು. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿಲ್ಲ. ಅವರನ್ನು ಬಿಟ್ಟು ನಾವು ಒಂಬತ್ತು ಜನ ಪ್ರತಿ ಹುಣ್ಣಿಮೆಯ ಸಂಜೆ ಪಕ್ಕದೂರಿನ ಮಠದ ಸಭೆಯಲ್ಲಿ ಹಾಡುತ್ತೇವೆ. ಪದ್ಧತಿ ಏನೆಂದರೆ, ಮುಂದೆ ಕೂತವರು ಒಂದು ಸಾಲು ಹಾಡುತ್ತಾರೆ, ಉಳಿದವರು ಅದನ್ನೇ ಹಿಂದಿನಿಂದ ಹಾಡುತ್ತಾರೆ. ಆರು ವರ್ಷ ನಾನು ಹಿಂದಿನ ಸಾಲು. ಹೋದ ವರ್ಷ ಒಂದೇ ಒಂದು ಸಲ ಮುಂದೆ ಕೂರಿಸಿದರು. ಹಾರ್ಮೋನಿಯಂ ಕೀಲಿಗೆ ನಾವು ಮನೆ ಎನ್ನುತ್ತೇವೆ; ಐದೂವರೆ ಮನೆ ಶ್ರುತಿಯಲ್ಲಿ ಸೊಗಸಾಗಿಯೇ ಎತ್ತಿಕೊಂಡೆ. ಮುಗಿಸಿದಾಗ ಯಾವ ಮನೆಯಲ್ಲಿದ್ದೆ ಎಂಬುದು ನನಗೂ ತಿಳಿಯಲಿಲ್ಲ, ಹಾರ್ಮೋನಿಯಂಗೂ ತಿಳಿಯಲಿಲ್ಲ. ಇಳಿದು ಬಂದ ಮೇಲೆ ಸರ್ವಮಂಗಳಕ್ಕ ಪ್ರಸಾದದ ಪಾಯಸ ಊದಿಕೊಳ್ಳುತ್ತ ಹೇಳಿದರು: “ನಿನ್ ಕಂಠ ಚೆನ್ನಾಗೈತೆ ಕಣೇ ಗಂಗಾ. ಕಿವಿ ಮಾತ್ರ ಸಾಲ್ದು.” ಒಂದು ವರ್ಷ ಬೇಡಿಕೊಂಡ ಮೇಲೆ ಮತ್ತೆ ಅವಕಾಶ ಕೊಟ್ಟರು, ಷರತ್ತಿನ ಮೇಲೆ. “ಈ ಹುಣ್ಣಿಮೆ ಒಂದ್ಸಲ ನೋಡಣ. ಶ್ರುತಿ ಬುಟ್ಟೆ ಅಂದ್ರೆ ಆಮೇಲೆ ಹಿಂದ್ಗಡೆ ಸಾಲ್ನಲ್ಲೇ ಆರಾಮಾಗಿ ಹಾಡ್ಕಂಡಿರು. ಬೇಜಾರ್ ಮಾಡ್ಕಬಾರ್ದು.”

ಬೇಜಾರು ಮಾಡಿಕೊಳ್ಳಬಾರದಂತೆ. ಬೇರೆ ಸೀಮೆಯಲ್ಲಿ ಯಾರಿಗಾದರೂ ಕಿವಿ ಸಾಲದು ಎಂದರೆ ಅವರು ನಕ್ಕು ಸುಮ್ಮನಾಗಬಹುದು. ತಿಪಟೂರು ಕಡೆಯವರಿಗೆ ಹಾಗೆ ಹೇಳುವುದು ಹೆಚ್ಚುಕಡಿಮೆ ಕುಲವನ್ನೇ ಅಂದಂತೆ. ನಮ್ಮ ಬದುಕು ನಿಂತಿರುವುದೇ ಕಿವಿಯ ಮೇಲೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ. ಏನೂ ಅನ್ನದಿದ್ದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆ. ಗಟಗಟ ಎಂದರೆ ಆಯಿತು, ಕೊಬ್ಬರಿ. ನನ್ನನ್ನು ನೋಡಲು ಬಂದಾಗ ನನ್ನ ಮಾವನವರು ಹಾಡು ಕೇಳಲಿಲ್ಲ, ಓದು ಕೇಳಲಿಲ್ಲ. ನಮ್ಮ ಅಟ್ಟದಿಂದಲೇ ಎರಡು ಕಾಯಿ ಇಳಿಸಿಕೊಂಡು ಬಂದು ಕೈಗೆ ಕೊಟ್ಟು, “ಯಾವ್ದು ಆಗೈತೆ ಹೇಳವ್ವ” ಎಂದರು. ಎಡಗೈಯದು ಎಂದೆ. ಒಡೆಸಿ ನೋಡಿದರು. ಲಗ್ನ ಗಟ್ಟಿಯಾಯಿತು. ಅಂಥ ಕಿವಿಯನ್ನು ಪಾಯಸ ಊದುತ್ತ ಅಲ್ಲಗಳೆದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಉಪಾಯ ಹೇಳಿದವಳು ನನ್ನ ಮೈದುನನ ಮಗಳು ಕಾವ್ಯ. ಪಕ್ಕದ ಮನೆಯಲ್ಲೇ ಇದ್ದಾಳೆ, ತಿಪಟೂರಿನ ಕಾಲೇಜಿಗೆ ಹೋಗುತ್ತಾಳೆ, ಮನೆಯಲ್ಲಿರುವ ಹೊತ್ತೆಲ್ಲ ಕಿವಿಯಲ್ಲಿ ಏನನ್ನಾದರೂ ತುರುಕಿಕೊಂಡಿರುತ್ತಾಳೆ. ಅವಳು ಹೇಳಿದ್ದು ಇಷ್ಟು: ದೊಡ್ಡ ದೊಡ್ಡ ಗಾಯಕರೇ ವೇದಿಕೆಯ ಮೇಲೆ ಕಿವಿಯೊಳಗೆ ಒಂದು ಸಾಧನ ಇಟ್ಟುಕೊಂಡು ಹಾಡುತ್ತಾರೆ, ಶ್ರುತಿ, ತಾಳ ಎಲ್ಲ ಅದರೊಳಗೇ ಕೇಳಿಸುತ್ತಿರುತ್ತದೆ, ಅದಕ್ಕೆ ಇನ್-ಇಯರ್ ಮಾನಿಟರ್ ಎನ್ನುತ್ತಾರೆ, ಈಗ ಅಗ್ಗದಲ್ಲೂ ಬಂದಿವೆ. “ಫೋನಲ್ಲಿ ತಂಬೂರಿ ಆಪ್ ಹಾಕ್ಕೊಡ್ತೀನಿ ದೊಡ್ಡಮ್ಮ. ಐದೂವರೆಗೆ ಇಟ್ರೆ ಐದೂವರೇನೇ. ಕಿವಿ ಒಳ್ಗಡೆ ಬರ್ತಾನೇ ಇರುತ್ತೆ. ನೀವು ಬಿಡ್ತೀನಿ ಅಂದ್ರೂ ಅದು ಬಿಡಲ್ಲ.” ಮಾನಿಟರ್ ಎಂದರೆ ನಾನು ಕಂಡಿದ್ದದ್ದು ತರಗತಿಯಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಹುಡುಗಿ. ನನ್ನ ಕಿವಿಯೊಳಗೆ ಅಂಥವಳೊಬ್ಬಳು ಕೂತರೆ ಒಳ್ಳೆಯದೇ ಅನ್ನಿಸಿತು.

ತಿಪಟೂರು ಬಸ್ ಸ್ಟಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ನಾನೊಬ್ಬಳೇ ಹೋದೆ. ಕಾವ್ಯಳಿಗೆ ಅವತ್ತು ಪರೀಕ್ಷೆ. ಅಂಗಡಿಯವರು ಮೊದಲು ವಾಚು ರಿಪೇರಿ ಮಾಡುತ್ತಿದ್ದವರು, ನಮ್ಮ ಯಜಮಾನರಿಗೆ ಪರಿಚಯ. ಅವರದೂ ಹೊನ್ನವಳ್ಳಿ ಕಡೆ ತೋಟವಿದೆ. ಒಂದೇ ಬೆಲೆಯ ಎರಡು ಇಯರ್‌ಫೋನ್ ಬಿಚ್ಚಿ ಗಾಜಿನ ಮೇಲೆ ಇಟ್ಟರು. ಯಾವುದು ಒಳ್ಳೆಯದು ಎಂದು ಕೇಳಿದೆ. ಎರಡೂ ಒಳ್ಳೆಯದೇ ಎಂದರು. ಎರಡೂ ಒಳ್ಳೆಯದು ಎಂಬ ಮಾತನ್ನು ನಂಬಿ ನಮ್ಮ ಸೀಮೆಯಲ್ಲಿ ಯಾರೂ ಉದ್ಧಾರವಾಗಿಲ್ಲ. ಆಮೇಲೆ ನಾನು ಮಾಡಿದ್ದನ್ನು ಯೋಚನೆ ಮಾಡಿ ಮಾಡಿದೆನೆಂದು ಹೇಳಲಾರೆ. ಕೈ ತನ್ನಷ್ಟಕ್ಕೆ ತಾನೇ ಮಾಡಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಶಬ್ದವಿಲ್ಲ. ಇನ್ನೊಂದನ್ನು ಅಲ್ಲಾಡಿಸಿದೆ. ಒಳಗೆ ಸಣ್ಣಗೆ, ಸ್ಪಷ್ಟವಾಗಿ, ಗಟಗಟ ಎಂದಿತು. ನನ್ನ ಮುಖ ಅರಳಿದ್ದನ್ನು ಕಂಡು ಅಂಗಡಿಯವರೂ ಕೈ ಚಾಚಿ ಇಸಕೊಂಡು ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿದರು. ತಲೆದೂಗಿದರು. “ಇದೇ ತಗಳ್ಳಿ ಅಕ್ಕ. ಇದ್ರಲ್ಲಿ ಏನೋ ಐತೆ.” ಇಬ್ಬರಿಗೂ ಬಹಳ ಸಮಾಧಾನವಾಯಿತು. ಮನೆಗೆ ತಂದೆ. ಯಜಮಾನರೂ ಅಲ್ಲಾಡಿಸಿ ನೋಡಿ, “ಚೆನ್ನಾಗಿ ಬುಟ್ಟೈತೆ” ಎಂದರು.

ಬಿಟ್ಟಿತ್ತು, ನಿಜ. ಕಾವ್ಯ ಸಂಜೆ ಬಂದು ಕಿವಿಗೆ ಹಾಕಿಕೊಂಡ ಕೂಡಲೇ ಮುಖ ಕಿವುಚಿದಳು. ತಂಬೂರಿಯ ಜೊತೆಗೆ ಡಬ್ಬದಲ್ಲಿ ಸಿಕ್ಕಿಬಿದ್ದ ಜೀರುಂಡೆಯೂ ಹಾಡುತ್ತಿತ್ತು. ಒಳಗೆ ಶಬ್ದ ಹುಟ್ಟಿಸುವ ಬಿಲ್ಲೆ ಅಂಟು ಬಿಟ್ಟು ಸಡಿಲವಾಗಿದೆ, ಇದು ಕೆಟ್ಟಿರುವ ಪೀಸು ಎಂದು ಅವಳು ವಿವರಿಸಿದಳು. ಯಜಮಾನರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಯಿಯಲ್ಲಿ ಸಡಿಲವಾದದ್ದು ಬೆಲೆ ಬಾಳುತ್ತದೆ, ಇಯರ್‌ಫೋನಿನಲ್ಲಿ ಸಡಿಲವಾದದ್ದು ಕಸಕ್ಕೆ ಹೋಗುತ್ತದೆ ಎಂದರೆ ಲೋಕದಲ್ಲಿ ಒಂದು ನ್ಯಾಯ ಬೇಡವೇ ಎಂಬಂತೆ ಅವರು ಎದ್ದು ತೋಟದ ಕಡೆ ಹೋದರು. ಮಾರನೆಯ ದಿನ ಹೋದಾಗ ಅಂಗಡಿಯವರು ಮಾತ್ರ ತಕರಾರಿಲ್ಲದೆ ವಾಪಸ್ ತೆಗೆದುಕೊಂಡರು. ಅವರಿಗೂ ನಾಚಿಕೆಯಾಗಿತ್ತು.

ಎರಡನೆಯದನ್ನು ಕಾವ್ಯಳೇ ಆನ್‌ಲೈನಿನಲ್ಲಿ ತರಿಸಿದಳು. ತರಿಸುವ ಮೊದಲು, ಇಯರ್‌ಫೋನ್ ಪರೀಕ್ಷಿಸಿ ಹೇಳುವುದನ್ನೇ ಕೆಲಸ ಮಾಡಿಕೊಂಡಿರುವವರ ಹತ್ತಾರು ವಿಡಿಯೋ ತೋರಿಸಿದಳು. ಅವರ ಭಾಷೆ ಕೇಳಿ ನಾನು ಬೆರಗಾದೆ. ಇದರ ಧ್ವನಿ ಬೆಚ್ಚಗಿದೆ, ಅದರ ಧ್ವನಿ ಹೊಳಪಾಗಿದೆ, ಇನ್ನೊಂದರದು ತೆಳ್ಳಗೆ, ಮತ್ತೊಂದರಲ್ಲಿ ತಳದಲ್ಲಿ ದಪ್ಪ ಜಾಸ್ತಿ. ಇದು ಸಾರಿನ ವಿಮರ್ಶೆಯೋ ಶಬ್ದದ್ದೋ ಎಂದು ಕೇಳಿದೆ. ನೀವೇ ಹಾಕಿಕೊಂಡು ನೋಡಿ, ಆಮೇಲೆ ಹೇಳಿ ಎಂದಳು. ಹಾಕಿಕೊಳ್ಳುವುದೇ ಒಂದು ವಿದ್ಯೆ ಎಂದು ಆಗ ಗೊತ್ತಾಯಿತು. ಪೆಟ್ಟಿಗೆಯಲ್ಲಿ ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ರಬ್ಬರ್ ಟೋಪಿಗಳಿದ್ದವು. ಪರೀಕ್ಷೆ ಮಾಡಿ ನೋಡಿದರೆ ನನ್ನ ಎಡಗಿವಿಗೆ ಮಧ್ಯಮ, ಬಲಗಿವಿಗೆ ಚಿಕ್ಕದು. ಐವತ್ತಾರು ವರ್ಷ ಒಂದೇ ತಲೆಯ ಮೇಲೆ ಎರಡು ಅಳತೆಯ ಕಿವಿ ಹೊತ್ತುಕೊಂಡು ಓಡಾಡಿದ್ದೇನೆ, ಹೆತ್ತವ್ವ ಕೂಡ ಹೇಳಿರಲಿಲ್ಲ. ಕಿವಿಯನ್ನು ಮೇಲಕ್ಕೆ ಎಳೆದು, ತಿರುಚಿ, ಒಳಗೆ ಕೂರಿಸಬೇಕು. ಕೊನೆಯ ಸಲ ನನ್ನ ಕಿವಿಯನ್ನು ಹಾಗೆ ತಿರುಚಿದವರು ಮೂರನೇ ತರಗತಿಯ ಲೆಕ್ಕದ ಮೇಷ್ಟ್ರು. ಆಮೇಲೆ ತಂತಿಯನ್ನು ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಬಿಡಬೇಕು. ಇದನ್ನು ಮಾಡಿದವರು ಯಾರೋ ಗಂಡಸರೇ ಇರಬೇಕು. ಹೆಂಗಸರ ಕಿವಿಯ ಮೇಲ್ಭಾಗ ಖಾಲಿ ಬಿದ್ದಿರುವ ಸೈಟು ಎಂದುಕೊಂಡಿದ್ದಾರೆ. ನನ್ನ ಕಿವಿಯ ಮೇಲೆ ಆಗಲೇ ಕನ್ನಡಕದ ಕಡ್ಡಿ ಇದೆ, ಓಲೆಯಿಂದ ಕೂದಲಿಗೆ ಸಿಗಿಸುವ ಮಾಟಿ ಇದೆ, ಶುಕ್ರವಾರವಾದರೆ ಅದರ ಪಕ್ಕದಲ್ಲಿ ಕನಕಾಂಬರವೂ ಇದೆ. ಮೊದಲ ದಿನ ತಂತಿ ತೆಗೆಯಲು ಹೋಗಿ ಮಾಟಿ ಕಿತ್ತು ಬಂತು, ಮಾಟಿ ಹಾಕಲು ಹೋಗಿ ಕನ್ನಡಕ ಸಾರಿನ ಪಾತ್ರೆಗೆ ಬಿತ್ತು.

ಆದರೂ ಒಂದು ವಾರದಲ್ಲಿ ನನಗೂ ಅದಕ್ಕೂ ಹೊಂದಾಣಿಕೆಯಾಯಿತು. ವಿಡಿಯೋದವರು ಹೇಳದ ಎಷ್ಟೋ ಸಂಗತಿಗಳನ್ನು ನಾನು ಕಂಡುಕೊಂಡೆ. ಅದನ್ನು ಹಾಕಿಕೊಂಡು ಹುರಿಗಡಲೆ ತಿನ್ನಬಾರದು. ತಲೆಬುರುಡೆಯೊಳಗೆ ರಾಗಿ ಮಿಷನ್ ಓಡಿದಂತಾಗುತ್ತದೆ. ನಡೆದರೆ ನಮ್ಮ ಹೆಜ್ಜೆ ನಮಗೇ ಆನೆಯ ಹೆಜ್ಜೆಯಾಗಿ ಕೇಳುತ್ತದೆ. ಗಂಜಿ ಹಾಕಿದ ಕಾಟನ್ ಸೀರೆಗೆ ತಂತಿ ತಾಗಿದರೆ ಯಾರೋ ಕಿವಿಯ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಕೇರಿದ ಸದ್ದು. ರೇಷ್ಮೆಯಾದರೆ ಏನೂ ಇಲ್ಲ. ಹಾಗಾಗಿ ಹುಣ್ಣಿಮೆಗೆ ರೇಷ್ಮೆ ಸೀರೆ ಎಂದು ಅಂದೇ ತೀರ್ಮಾನವಾಯಿತು. ಧ್ವನಿಯ ವಿಷಯಕ್ಕೆ ಬಂದರೆ, ತಂಬೂರಿ ಎಷ್ಟು ಹತ್ತಿರದಲ್ಲಿ ಕೇಳಿತೆಂದರೆ ಮೊದಲ ಸಲ ಕಣ್ಣು ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಬೆಚ್ಚಗಿದೆ ಎಂದು ಅವರು ಯಾಕೆ ಹೇಳುತ್ತಾರೆಂದು ಅರ್ಥವಾಯಿತು. ಯಜಮಾನರಿಗೂ ಒಂದು ದಿನ ಹಾಕಿ ಕೂರಿಸಿದೆ. “ಭಾಳ ಚೆನ್ನಾಗೈತೆ ಕಣೇ” ಎಂದು ಅವರು ಕೂಗಿದ ರಭಸಕ್ಕೆ ಎದುರು ಮನೆಯವರು ಏನಾಯಿತೆಂದು ಬಾಗಿಲಿಗೆ ಬಂದರು. ಇನ್ನೊಂದು ಗುಣವನ್ನು ಮೆತ್ತಗೆ ಹೇಳಬೇಕು. ಎರಡೂ ಕಿವಿಗೆ ಸರಿಯಾಗಿ ಕೂರಿಸಿದರೆ ಹೊರಗಿನ ಮಾತು ನೀರಿನೊಳಗಿನಿಂದ ಬಂದಂತೆ ಕೇಳುತ್ತದೆ. ಕಾಫಿ ಆಯ್ತಾ, ಟವೆಲ್ ಎಲ್ಲಿ, ಮೋಟರ್ ಆಫ್ ಮಾಡಿದ್ಯಾ ಎಂಬ ಮೂವತ್ತೈದು ವರ್ಷದ ಪ್ರಶ್ನೆಗಳು ಬಾಗಿಲಲ್ಲೇ ನಿಂತವು. ಯಜಮಾನರು ತಾವೇ ಟವೆಲ್ ಹುಡುಕಿಕೊಂಡರು; ಅದು ಅವರ ಹೆಗಲ ಮೇಲೇ ಇತ್ತಂತೆ.

ಹುಣ್ಣಿಮೆ ಬಂತು. ಸಭೆಯ ಮಧ್ಯೆ ಫೋನ್ ಹೊಡೆದುಕೊಂಡರೆ ಮಾನ ಹೋಗುತ್ತದಲ್ಲ ಎಂದು ನಾನೇ ಕಾವ್ಯಳಿಗೆ ಹೇಳಿದೆ. ಅವಳು ಅದೇನೋ ಒತ್ತಿ, “ಫೋನ್ ಬಂದ್ರೂ ಹೊರಗಡೆ ಒಬ್ರಿಗೂ ಕೇಳ್ಸಲ್ಲ ದೊಡ್ಡಮ್ಮ, ಬರೀ ನಿಮ್ ಕಿವಿ ಒಳ್ಗಡೆ” ಎಂದಳು. ನಾನು ಮೆಚ್ಚಿಕೊಂಡೆ. ಮುಂದಿನದನ್ನು ಯೋಚಿಸುವ ಬುದ್ಧಿ ಇಬ್ಬರಿಗೂ ಇರಲಿಲ್ಲ. ಫೋನನ್ನು ಸೊಂಟದ ಚೀಲದಲ್ಲಿಟ್ಟು, ತಂತಿಯನ್ನು ಸೆರಗಿನ ಒಳಗಿನಿಂದ ತಂದು, ಜಡೆಯ ಹಿಂದೆ ಅಡಗಿಸಿ ಮಠದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂತೆ. ಕಿವಿಯೊಳಗೆ ತಂಬೂರಿ ಮೀಟುತ್ತಿತ್ತು. ಸರ್ವಮಂಗಳಕ್ಕ ಹಾರ್ಮೋನಿಯಂ ಒತ್ತಿದ್ದು ದೂರದೂರಿನಿಂದ ಬಂದಂತೆ ಕೇಳಿತು. ಎರಡೂ ಒಂದೇ ಐದೂವರೆ. ಎತ್ತಿಕೊಂಡೆ. ಹೇಗೆ ಕೂತಿತು ಅಂತೀರಿ ಶ್ರುತಿ, ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ. ಎರಡು ಸಾಲು, ಮೂರು ಸಾಲು. ಸರ್ವಮಂಗಳಕ್ಕನ ಹುಬ್ಬು ಮೇಲಕ್ಕೆ ಹೋದದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ಜನ್ಮ ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಹುಳಿಯಾರಿನಿಂದ ನನ್ನ ನಾದಿನಿ ಉಮಾ ಫೋನ್ ಮಾಡಿದಳು.

ತಂಬೂರಿ ನಿಂತಿತು. ಕಿವಿ ತುಂಬ ಕೊಳಲು ಶುರುವಾಯಿತು. ಅದು ನನ್ನ ಫೋನಿನ ಜೊತೆಗೇ ಬಂದ ರಿಂಗ್‌ಟೋನು; ಎಷ್ಟೋ ವರ್ಷದಿಂದ ಕೇಳಿದ್ದೇನೆ, ಆದರೆ ಅದಕ್ಕೂ ಒಂದು ಶ್ರುತಿ ಇದೆ ಎಂದು ಯಾರು ಗಮನಿಸುತ್ತಾರೆ? ಐದೂವರೆಗಿಂತ ಒಂದೆರಡು ಮನೆ ಮೇಲಿತ್ತು. ಎರಡು ವಾರದಿಂದ ಕಿವಿಯೊಳಗೆ ಬಂದದ್ದಕ್ಕೆ ಕಂಠವನ್ನು ಹೊಂದಿಸುವುದನ್ನು ನಾನು ಎಷ್ಟು ನಿಷ್ಠೆಯಿಂದ ಕಲಿತಿದ್ದೆನೆಂದರೆ, ಮುಂದಿನ ಸಾಲನ್ನು ಒಂದು ಕ್ಷಣವೂ ತಡವರಿಸದೆ ಕೊಳಲಿನ ಶ್ರುತಿಗೆ ಏರಿಸಿಬಿಟ್ಟೆ. ಮುಂದಿನವರು ಹಾಡಿದಂತೆ ಹಿಂದಿನವರು ಹಾಡಬೇಕಲ್ಲ, ಎಂಟು ಜನರೂ ಏರಿದರು. ಸರ್ವಮಂಗಳಕ್ಕನ ಬೆರಳುಗಳು ಹಾರ್ಮೋನಿಯಂ ಮೇಲೆ ಕತ್ತಲೆಯಲ್ಲಿ ಬೆಂಕಿಪೊಟ್ಟಣ ಹುಡುಕುವಂತೆ ಓಡಾಡಿ ಅಂತೂ ನನ್ನನ್ನು ಹಿಡಿದವು. ಹಿಡಿಯುವ ಹೊತ್ತಿಗೆ ಉಮಾ ಫೋನ್ ಇಟ್ಟಳು, ತಂಬೂರಿ ಮತ್ತೆ ಬಂತು, ನಾನು ಐದೂವರೆಗೆ ಇಳಿದೆ. ಎಲ್ಲರೂ ಇಳಿದರು. ಉಮಾ ಒಂದೇ ಸಲ ಫೋನ್ ಮಾಡಿ ಸುಮ್ಮನಾಗುವ ಹೆಂಗಸಲ್ಲ. ಎತ್ತದಿದ್ದರೆ ಮೂರು ಸಲ ಮಾಡುತ್ತಾಳೆ, ಮದುವೆಗೆ ಮೊದಲಿನಿಂದಲೂ ಅವಳ ಗುಣವೇ ಹಾಗೆ. ಒಂದು ವಚನದಲ್ಲಿ ಮೂರು ಸಲ ಏರಿ ಮೂರು ಸಲ ಇಳಿದೆವು. ಮುಗಿದಾಗ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಮುಂದೆ ಕೂತಿದ್ದ ವಯಸ್ಸಾದವರೊಬ್ಬರು, “ಹೊಸಾ ಧಾಟಿ. ಕಷ್ಟದ್ದು ಕಣ್ರಮ್ಮ” ಎಂದು ಕೈ ಮುಗಿದರು.

ಹೊರಗೆ ಬಂದ ಮೇಲೆ ಉಮಾಗೆ ಫೋನ್ ಮಾಡಿ ಏನು ಅಂಥ ತುರ್ತು ಎಂದು ಕೇಳಿದೆ. “ಏನಿಲ್ಲ ಅತ್ತಿಗೆ, ಇವತ್ತು ಹಾಡ್ತೀರಲ್ಲ, ಧೈರ್ಯವಾಗಿ ಹಾಡಿ ಅಂತ ಹೇಳಣ ಅಂತ” ಎಂದಳು. ಫೋನ್ ಇಟ್ಟೆ. ಪ್ರಸಾದದ ತಟ್ಟೆ ಹಿಡಿದುಕೊಂಡು ಸರ್ವಮಂಗಳಕ್ಕನ ಎದುರು ಹೋಗಿ ನಿಂತೆ. ಹಿಂದಿನ ಸಾಲಿನಲ್ಲಿ ನನ್ನ ಹಳೆಯ ಜಾಗ ಯಾವುದೆಂದು ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದೆ. ಇಯರ್‌ಫೋನಿನ ಕತೆಯನ್ನೂ ಫೋನಿನ ಕತೆಯನ್ನೂ ಒಪ್ಪಿಸಿದೆ. ಅವರು ಕೇಳಿಸಿಕೊಂಡರು, ತಂತಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು, ಮುಖ ಮಾತ್ರ ಬಿಗಿಯಾಗಿಯೇ ಇತ್ತು. ಕೊನೆಗೆ ಅಂದರು: “ಹೋದ್ ವರ್ಷ ಶ್ರುತಿ ಬುಟ್ಟು ನೀನೊಬ್ಳೇ ಹೋಗಿದ್ದೆ. ಈ ಸಲ ನಮ್ನೆಲ್ಲಾ ಕರ್ಕಂಡ್ ಹೋದೆ.” ಅಷ್ಟು ಹೇಳಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, “ಮುಂದಿನ್ ಹುಣ್ಣಿಮೆಗೂ ನೀನೇ ಕೂತ್ಕ. ಆದ್ರೆ ಇಂಥದ್ದೇ ಒಂದು ನಂಗೂ ತರ್ಸು. ಎಲ್ಲಿಗ್ ಹೋಗ್ತಾ ಇದೀವಿ ಅಂತ ನಂಗಾದ್ರೂ ಗೊತ್ತಾಗ್ಲಿ” ಎಂದರು. ಇದನ್ನು ಕೇಳಿ ಉಳಿದವರೂ ತಮಗೂ ಬೇಕೆಂದರು. ಈಗ ನಮ್ಮ ಗುಂಪಿನಲ್ಲಿ ಯಾರ ಕಿವಿಗೆ ಯಾವ ಅಳತೆಯ ಟೋಪಿ, ಯಾರ ಸೀರೆಗೆ ಎಂಥ ತಂತಿ ಎಂದು ತೀರ್ಮಾನ ಹೇಳುವವಳು ನಾನೇ. ಅಲ್ಲಾಡಿಸಿ ನೋಡುವುದನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಉಳಿದ ಒಂದನ್ನೂ ಹೇಳಿಬಿಡುತ್ತೇನೆ. ಸರ್ವಮಂಗಳಕ್ಕ ಕೇಳಿಲ್ಲ, ನಾನೂ ಹೇಳಿಲ್ಲ. ಮೊದಲ ಸಲ ಕೊಳಲು ಬಂದಾಗ ನಾನು ನಿಜವಾಗಿಯೂ ಮೋಸ ಹೋದೆ. ಎರಡನೆಯ ಸಲ ಅರ್ಧಂಬರ್ಧ ಅನುಮಾನ ಬಂದಿತ್ತು. ಮೂರನೆಯ ಸಲ ಬಂದಾಗ ಅದು ಫೋನು, ಮಾಡಿದವಳು ಉಮಾ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಐದೂವರೆಯಲ್ಲೇ ನಿಂತು ಹಾಡಬಹುದಿತ್ತು. ಕಿವಿಯಿಂದ ಕಿತ್ತು ಮಡಿಲಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಹುಟ್ಟಿದ ಮನೆಯಲ್ಲಿ ಅಣ್ಣಂದಿರ ಹಿಂದೆ, ಸೇರಿದ ಮನೆಯಲ್ಲಿ ಯಜಮಾನರ ಹಿಂದೆ, ಮಠದಲ್ಲಿ ಆರು ವರ್ಷ ಹಿಂದಿನ ಸಾಲಿನಲ್ಲಿ ಹಾಡಿಕೊಂಡು ಬಂದವಳು ನಾನು. ಅವತ್ತು ಎಂಟು ಜನ ಹೆಂಗಸರು, ಒಂದು ಹಾರ್ಮೋನಿಯಂ, ಎಲ್ಲಿಗೆ ಎಂದು ಕೂಡ ಕೇಳದೆ ನನ್ನ ಹಿಂದೆ ಬರುತ್ತಿದ್ದರು. ಬಹಳ ಸಂತೋಷವಾಗಿತ್ತು. ಹೋದೆ.